ಪೀಠೋಪಕರಣ ಮಳಿಗೆಗೆ ಪುಟ್ಟ ಮಕ್ಕಳೊಂದಿಗೆ: ಭಯ ಪಡಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗಳಿಗೆ ಮೂರು ವರ್ಷ ತುಂಬಿದೆ, ಮಗನಿಗೆ ಒಂದೂವರೆ. ಹೊಸ ಮನೆಗೆ ಮಂಚ, ಬಟ್ಟೆ ಇಡುವ ಡ್ರಾಯರ್ ಕಪಾಟು ಬೇಕಿತ್ತು. ರಜೆಯ ದಿನ ಮಧ್ಯಾಹ್ನ ಎಲ್ಲರೂ ಒಂದು ದೊಡ್ಡ ಪೀಠೋಪಕರಣ ಮಳಿಗೆಗೆ ಹೋದೆವು. ಮೊದಲ ಒಂದು ಗಂಟೆ ಇಬ್ಬರೂ ನಗುನಗುತ್ತಿದ್ದರು. ಆಮೇಲೆ ಮಗಳು ಮಕ್ಕಳ ಕೋಣೆಯ ಮಾದರಿಯಲ್ಲಿದ್ದ ಪುಟ್ಟ ಮಂಚದಿಂದ ಇಳಿಯಲು ಒಪ್ಪಲಿಲ್ಲ. ಇಳಿಸಿದ ಕೂಡಲೇ ನೆಲಕ್ಕೆ ಬಿದ್ದು ಹೊರಳಾಡಿ ಕಿರುಚಿದಳು. ಎತ್ತಿಕೊಂಡರೆ ಒದ್ದಳು, ಬಿಟ್ಟರೆ ಇನ್ನೂ ಜೋರಾಗಿ ಅತ್ತಳು. ಸುತ್ತಲಿನವರೆಲ್ಲ ನಿಂತು ನೋಡುತ್ತಿದ್ದರು. ಒಬ್ಬರು "ಮಕ್ಕಳಿಗೆ ಶಿಸ್ತೇ ಕಲಿಸಿಲ್ಲ" ಎಂದು ಕೇಳಿಸುವಂತೆಯೇ ಹೇಳಿದರು. ಈ ಗಲಾಟೆಯಲ್ಲಿ ಮಗ ಕಣ್ಣು ತಪ್ಪಿಸಿ ಹೋಗಿ ಒಂದು ವಾರ್ಡ್‌ರೋಬಿನೊಳಗೆ ಬಾಗಿಲು ಎಳೆದುಕೊಂಡು ಕುಳಿತಿದ್ದ. ಕೊನೆಗೆ ಮಗಳನ್ನು ಕೈ ಹಿಡಿದು ಎಳೆದುಕೊಂಡೇ ಹೊರಬಂದೆವು. ಇಷ್ಟು ಚಿಕ್ಕವರನ್ನು ಅಂತಹ ಕಡೆ ಕರೆದೊಯ್ಯಲೇಬಾರದು ಎನ್ನುತ್ತಾರೆ ಅತ್ತೆ. ಕೈಗೆ ಮೊಬೈಲ್ ಕೊಟ್ಟು ಟ್ರಾಲಿಯಲ್ಲಿ ಕೂರಿಸಿದರೆ ಸಾಕು ಎನ್ನುತ್ತಾರೆ ಪತಿ. ಮಗಳಿಗೆ ಅತಿ ಚಟುವಟಿಕೆಯ ಸಮಸ್ಯೆ ಇರಬಹುದೇ ಎಂದು ನನಗೆ ಭಯ. ಮಗನಿಗೆ ಸೊಂಟಪಟ್ಟಿ ಕಟ್ಟಿ ಹಿಡಿದುಕೊಳ್ಳುವುದು ತಪ್ಪೇ? ಕಪಾಟು ಇನ್ನೂ ಕೊಂಡಿಲ್ಲ, ಮತ್ತೆ ಹೋಗಲೇಬೇಕು.

ಉತ್ತರ: ಮಗಳ ರಂಪದ ಬಗ್ಗೆ ನೀವು ವಿವರವಾಗಿ ಬರೆದಿದ್ದೀರಿ. ಮಗ ವಾರ್ಡ್‌ರೋಬಿನೊಳಗೆ ಕುಳಿತಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಕ್ಕಳ ವೈದ್ಯೆಯಾದ ನನಗೆ ಹೆಚ್ಚು ಕಳವಳ ತಂದದ್ದು ಆ ಒಂದು ಸಾಲು. ನೆಲಕ್ಕೆ ಬಿದ್ದು ಅಳುವ ಮಗುವನ್ನು ಎಲ್ಲರೂ ನೋಡುತ್ತಾರೆ, ತಂದೆತಾಯಿಗೆ ತಲೆ ಎತ್ತಲಾಗುವುದಿಲ್ಲ. ಆದರೆ ಆ ಮಗುವಿಗೆ ಏನೂ ಆಗುವುದಿಲ್ಲ. ಇಂತಹ ಮಳಿಗೆಯಲ್ಲಿ ಪೆಟ್ಟಾಗುವುದು ಸದ್ದಿಲ್ಲದೆ ಆಡಿಕೊಂಡಿರುವ ಮಗುವಿಗೆ. ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಕೊಡುತ್ತೇನೆ, ಆದರೆ ನಿಮ್ಮ ಭಯವನ್ನು ಸ್ವಲ್ಪ ಮಗಳ ಕಡೆಯಿಂದ ಮಗನ ಕಡೆಗೆ ತಿರುಗಿಸುವುದು ನನ್ನ ಮೊದಲ ಉದ್ದೇಶ.

ಮಗಳ ವಿಷಯವನ್ನೇ ಮೊದಲು ಮುಗಿಸೋಣ. ಮೂರು ವರ್ಷದ ಮಗು ಒಂದು ಗಂಟೆಗೂ ಹೆಚ್ಚು ಕಾಲ ಸುತ್ತಾಡಿದ ಮೇಲೆ ಅಂಗಡಿಯಲ್ಲಿ ಬಿದ್ದು ಹೊರಳಾಡಿದರೆ ಅದಕ್ಕೆ ಕಾಯಿಲೆಯ ಹೆಸರು ಬೇಕಿಲ್ಲ. ಅತಿ ಚಟುವಟಿಕೆ ಮತ್ತು ಗಮನದ ಕೊರತೆಯ ಸಮಸ್ಯೆಯನ್ನು, ಅಂದರೆ ಎಡಿಎಚ್‌ಡಿಯನ್ನು, ಒಂದು ದಿನದ ಒಂದು ಘಟನೆ ನೋಡಿ ಯಾವ ವೈದ್ಯರೂ ನಿರ್ಧರಿಸುವುದಿಲ್ಲ. ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆಯಂತಹ ಕನಿಷ್ಠ ಎರಡು ಕಡೆ ಕಾಣಿಸಬೇಕು, ಮಗುವಿನ ದಿನನಿತ್ಯದ ಬದುಕಿಗೆ ತೊಡಕಾಗಿರಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ ಆರಂಭವಾಗುವುದೇ 4 ವರ್ಷದಿಂದ. ನಿಮ್ಮ ಮಗಳು ಮನೆಯಲ್ಲಿ ಕಥೆ ಕೇಳುತ್ತಾಳೆ, ಆಟದಲ್ಲಿ ಮುಳುಗುತ್ತಾಳೆ, ಅತ್ತ ಮೇಲೆ ಸಮಾಧಾನವಾಗುತ್ತಾಳೆ ಎಂದಾದರೆ ಈ ಭಯವನ್ನು ಇಲ್ಲಿಗೇ ಬಿಡಿ. ದಿನಕ್ಕೆ ಹಲವು ಬಾರಿ ಅರ್ಧ ಗಂಟೆಯಷ್ಟು ಹೊತ್ತು ರಂಪ ನಡೆಯುತ್ತಿದ್ದರೆ, ತಲೆ ಚಚ್ಚಿಕೊಂಡು ತನಗೇ ನೋವು ಮಾಡಿಕೊಳ್ಳುತ್ತಿದ್ದರೆ, ಉಸಿರು ಕಟ್ಟಿ ಪ್ರಜ್ಞೆ ತಪ್ಪುತ್ತಿದ್ದರೆ ಅಥವಾ ಮಾತು ವಯಸ್ಸಿಗೆ ತಕ್ಕಂತೆ ಬಂದಿಲ್ಲ ಎನಿಸಿದರೆ ಮಾತ್ರ ನಿಮ್ಮ ವೈದ್ಯರಿಗೆ ತೋರಿಸಿ.

ಹಾಗಾದರೆ ಅವಳು ಅಷ್ಟು ಅತ್ತದ್ದೇಕೆ? ನೀವು ಬರೆದ ವಿವರದಲ್ಲೇ ಉತ್ತರವಿದೆ. ಹೋದದ್ದು ಮಧ್ಯಾಹ್ನ. 3ರಿಂದ 5 ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, 1ರಿಂದ 2 ವರ್ಷದ ಮಗುವಿಗೆ 11ರಿಂದ 14 ಗಂಟೆ. ಹೊರಟ ಹೊತ್ತು ಇಬ್ಬರಿಗೂ ಮಲಗುವ ಹೊತ್ತು. ದಣಿದ ದೊಡ್ಡವರು ಮಂಕಾಗುತ್ತಾರೆ. ದಣಿದ ಪುಟ್ಟ ಮಗು ಎಷ್ಟೋ ಸಲ ಇನ್ನಷ್ಟು ಓಡುತ್ತದೆ, ಇನ್ನಷ್ಟು ನಗುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಮೊದಲ ಗಂಟೆಯ ನಗುವನ್ನು ನೋಡಿ ನೀವು ಇನ್ನೂ ಸ್ವಲ್ಪ ಸುತ್ತಬಹುದು ಎಂದುಕೊಂಡಿರಿ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಇನ್ನು ಜಾಗದ ಸ್ವಭಾವ. ಪೀಠೋಪಕರಣ ಮಳಿಗೆ ಪುಟ್ಟ ಮಗುವಿನ ತಿಳಿವಳಿಕೆಗೆ ಬಹಳ ವಿಚಿತ್ರವಾದ ಸ್ಥಳ. ಬೇರೆ ಅಂಗಡಿಗಳಲ್ಲಿ ಸಾಮಾನು ಕಪಾಟಿನಲ್ಲಿರುತ್ತದೆ, ಅದು ಅಂಗಡಿ ಎಂದು ಮಗುವಿಗೂ ಗೊತ್ತಾಗುತ್ತದೆ. ಇಲ್ಲಿ ಹಾಸಿದ ಹಾಸಿಗೆ ಇದೆ, ದಿಂಬಿದೆ, ಹಚ್ಚಿಟ್ಟ ದೀಪವಿದೆ, ಮಗುವಿನ ಅಳತೆಯ ಕುರ್ಚಿಯಿದೆ, ಅದರ ಪಕ್ಕ ಬುಟ್ಟಿಯಲ್ಲಿ ಬೊಂಬೆಯಿದೆ. ಮೂರು ವರ್ಷದ ಹುಡುಗಿಗೆ ಅದು ಮಾದರಿ ಅಲ್ಲ, ಕೋಣೆ. ಮಂಚದ ಮೇಲೆ ಹತ್ತಿ ಕುಳಿತ ಐದೇ ನಿಮಿಷಕ್ಕೆ "ನಡಿ, ಮುಂದೆ ಹೋಗೋಣ" ಎನ್ನುತ್ತೀರಿ. ಮುಂದಿನ ಕೋಣೆಯಲ್ಲೂ ಅದೇ. ಇಷ್ಟವಾದದ್ದನ್ನು ಬಿಟ್ಟು ಇನ್ನೊಂದಕ್ಕೆ ಹೊರಳುವ, ಬೇಕೆನಿಸಿದ್ದನ್ನು ತಡೆದುಕೊಳ್ಳುವ ಕೆಲಸವನ್ನು ನಡೆಸುವುದು ಹಣೆಯ ಹಿಂದಿರುವ ಮಿದುಳಿನ ಭಾಗ. ಅದು ಪೂರ್ತಿ ಬಲಿಯಲು ವಯಸ್ಸು ಇಪ್ಪತ್ತು ದಾಟಬೇಕು. ಹತ್ತು ಕೋಣೆ ಬಿಟ್ಟುಬಂದ ನಿಮ್ಮ ಮಗಳು ಹನ್ನೊಂದನೆಯದರಲ್ಲಿ ಸೋತಳು. ಅದುವರೆಗೆ ಅವಳು ಮಾತು ಕೇಳಿದ್ದನ್ನು ಸುತ್ತಲಿನ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ದೊಡ್ಡ ಮಳಿಗೆಗಳಲ್ಲಿ ಹೊತ್ತು ಹೋಗುವುದೂ ತಿಳಿಯುವುದಿಲ್ಲ. ಕಿಟಕಿಗಳು ಕಡಿಮೆ, ಬೆಳಕು ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದೇ ಸಮ. ಒಂದು ವಿಭಾಗದಿಂದ ಇನ್ನೊಂದಕ್ಕೆ ಒಂದೇ ದಾರಿ ಸುತ್ತಿಕೊಂಡು ಹೋಗುವಂತೆ ಕೆಲವನ್ನು ಕಟ್ಟಿರುತ್ತಾರೆ. ಸ್ವೀಡನ್ನಿನಲ್ಲಿ 1943ರಲ್ಲಿ ಆರಂಭವಾದ ಐಕಿಯಾದ ಮಳಿಗೆಗಳು ಇಂತಹ ದಾರಿಗೆ ಜಗತ್ತಿನಾದ್ಯಂತ ಹೆಸರಾಗಿವೆ. ಒಂದು ಕಪಾಟು ನೋಡಲು ಹೋದವರು ಅಡುಗೆಮನೆ, ಸ್ನಾನದ ಮನೆ, ಪರದೆ, ದೀಪ ಎಲ್ಲವನ್ನೂ ದಾಟಿ ಬರಬೇಕು. ಆದರೆ ಇಂತಹ ಕಡೆ ವಿಭಾಗದಿಂದ ವಿಭಾಗಕ್ಕೆ ಅಡ್ಡದಾರಿಗಳೂ ಇರುತ್ತವೆ. ಅವನ್ನು ನಕ್ಷೆಯಲ್ಲಿ ತೋರಿಸಿರುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ನಕ್ಷೆ ನೋಡಿ, ಕಪಾಟಿನ ವಿಭಾಗಕ್ಕೂ ಹೊರಬಾಗಿಲಿಗೂ ಹತ್ತಿರದ ದಾರಿ ಯಾವುದೆಂದು ಸಿಬ್ಬಂದಿಯನ್ನು ಕೇಳಿ. ಮಕ್ಕಳ ಜೊತೆ ಹೋದವರಿಗೆ ಇದಕ್ಕಿಂತ ಉಪಯೋಗದ ಮಾಹಿತಿ ಇಲ್ಲ.

ಶಿಸ್ತಿನ ಮಾತು ಆಡಿದವರ ಬಗ್ಗೆ ಹೆಚ್ಚು ಯೋಚಿಸಬೇಡಿ. ಎರಡು ಮೂರು ವರ್ಷದ ಮಗುವಿನ ರಂಪ ಸಾಕಣೆಯ ದೋಷವಲ್ಲ, ಬೆಳವಣಿಗೆಯ ಒಂದು ಘಟ್ಟ. ಬಯಕೆ ದೊಡ್ಡದು, ಅದನ್ನು ಹೇಳುವ ಮಾತು ಇನ್ನೂ ಚಿಕ್ಕದು. ಇದೇ ಸಾಲಿಗೆ ಸೇರುವ ಇನ್ನೊಂದು ನಂಬಿಕೆಯನ್ನು ನನ್ನ ಬಳಿ ಬರುವ ಬಹಳ ಪೋಷಕರು ಹೇಳುತ್ತಾರೆ: ಸಿಹಿ ತಿಂದದ್ದಕ್ಕೇ ಮಗು ಹೀಗೆ ಕುಣಿಯುತ್ತದೆ ಎಂದು. ಸಕ್ಕರೆ ಯಾವುದರಲ್ಲಿದೆ ಎಂದು ಪೋಷಕರಿಗೂ ಪರೀಕ್ಷಕರಿಗೂ ತಿಳಿಯದಂತೆ ನಡೆಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 1995ರಲ್ಲಿ ವಿಶ್ಲೇಷಿಸಿದಾಗ, ಮಕ್ಕಳ ನಡವಳಿಕೆಯ ಮೇಲೆ ಸಕ್ಕರೆಯ ಪರಿಣಾಮ ಕಾಣಲಿಲ್ಲ. ಹಲ್ಲಿಗೆ, ತೂಕಕ್ಕೆ ಸಕ್ಕರೆ ಕೆಟ್ಟದ್ದು ನಿಜ. ರಂಪಕ್ಕೆ ಹಸಿವು ಕಾರಣವಾಗುತ್ತದೆ, ಸಿಹಿಯಲ್ಲ.

ಪತಿಯವರ ಮೊಬೈಲ್ ಸಲಹೆಗೆ ನನ್ನ ಉತ್ತರ ಪೂರ್ತಿ 'ಬೇಡ' ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ 2 ವರ್ಷದೊಳಗಿನವರಿಗೆ ಪರದೆಯ ಮುಂದೆ ಕೂರುವ ಹೊತ್ತು ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಬೇಡ. ಹಣ ಕಟ್ಟುವ ಸಾಲಿನಲ್ಲಿ ಮಗಳು ಹತ್ತು ನಿಮಿಷ ಚಿತ್ರ ನೋಡಿದರೆ ಅವಳ ಮಿದುಳಿಗೆ ಹಾನಿಯೇನೂ ಇಲ್ಲ. ನನ್ನ ತಕರಾರು ಬೇರೆ. ಅಳು ಶುರುವಾದ ಮೇಲೆ ಮೊಬೈಲ್ ಕೊಟ್ಟರೆ, ಮೊಬೈಲ್ ಬೇಕಾದರೆ ಅಳಬೇಕು ಎಂದು ಮಗು ಒಂದೆರಡು ಸಲದಲ್ಲೇ ಕಲಿಯುತ್ತದೆ. ಕೊಡುವುದಾದರೆ ಅಳುವ ಮುನ್ನ, ನೀವೇ ನಿರ್ಧರಿಸಿದ ಹೊತ್ತಿಗೆ, ಇಷ್ಟೇ ಹೊತ್ತು ಎಂದು ಹೇಳಿ ಕೊಡಿ. ಮಗನಿಗೆ ಬೇಡವೇ ಬೇಡ.

ಟ್ರಾಲಿಯ ಸಲಹೆಯಲ್ಲಿ ಮೊಬೈಲಿಗಿಂತ ಹೆಚ್ಚಿನ ಅಪಾಯವಿದೆ. ಸಾಮಾನಿನ ಟ್ರಾಲಿಯ ಭಾರ ಮೇಲ್ಭಾಗದಲ್ಲಿ, ಚಕ್ರಗಳ ನಡುವಿನ ಅಂತರ ಕಡಿಮೆ. ಒಳಗೆ ನಿಂತ ಮಗು ಅಂಚಿನ ಮೇಲೆ ಬಾಗಿದರೆ ತಲೆ ಕೆಳಗಾಗಿ ಬೀಳುತ್ತದೆ, ಅದೂ ಗಟ್ಟಿ ನೆಲದ ಮೇಲೆ. ಅಮೆರಿಕದಲ್ಲಿ 1990ರಿಂದ 2011ರವರೆಗಿನ ಲೆಕ್ಕದಂತೆ ಟ್ರಾಲಿಯಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದ ಮಕ್ಕಳು ವರ್ಷಕ್ಕೆ ಸರಾಸರಿ 24 ಸಾವಿರ. ಹೆಚ್ಚಿನವರು ಬಿದ್ದವರು, ಹೆಚ್ಚಿನವರಿಗೆ ಪೆಟ್ಟು ತಲೆಗೆ. ಕೂರುವ ಜಾಗ ಮತ್ತು ಬೆಲ್ಟ್ ಇರುವ ಟ್ರಾಲಿಯಾದರೆ ಬೆಲ್ಟ್ ಹಾಕಿ ಕೂರಿಸಿ, ಕೈ ತೆಗೆಯಬೇಡಿ. ಪೀಠೋಪಕರಣದ ಪೆಟ್ಟಿಗೆಗಳನ್ನು ಹೇರುವ ಚಪ್ಪಟೆ ಗಾಡಿಯ ಮೇಲೆ ಮಗುವನ್ನು ಕೂರಿಸಿ ತಳ್ಳುವುದನ್ನು ನಾನು ಎಷ್ಟೋ ಕಡೆ ನೋಡುತ್ತೇನೆ. ಅದಕ್ಕೆ ಅಂಚೂ ಇಲ್ಲ, ಹಿಡಿಯಲು ಏನೂ ಇಲ್ಲ. ತಿರುವಿನಲ್ಲಿ ಮಗು ಜಾರಿದರೆ ಚಕ್ರ ಬೆರಳಿನ ಮೇಲೆಯೇ ಹೋಗುತ್ತದೆ. ನಿಮ್ಮದೇ ಸ್ಟ್ರಾಲರ್ ಒಯ್ಯುವುದು ಇದೆಲ್ಲಕ್ಕಿಂತ ಲೇಸು. ಅದರ ಹಿಡಿಕೆಗೆ ಚೀಲ ತೂಗುಹಾಕಬೇಡಿ, ಮಗುವನ್ನು ಎತ್ತಿಕೊಂಡ ಕೂಡಲೇ ಅದು ಹಿಂದಕ್ಕೆ ಮಗುಚುತ್ತದೆ.

ಈಗ ಮಗನ ವಿಷಯ. ಒಂದೂವರೆ ವರ್ಷದವನು ಡ್ರಾಯರ್‌ಗಳಿರುವ ಕಪಾಟಿನ ಮುಂದೆ ನಿಂತಾಗ ಏನು ಮಾಡುತ್ತಾನೆ ಎಂದು ಹತ್ತಿರದಿಂದ ನೋಡಿ. ಮೊದಲು ಕೆಳಗಿನ ಡ್ರಾಯರ್ ಎಳೆಯುತ್ತಾನೆ. ಒಳಗೆ ಖಾಲಿ. ಮುಚ್ಚುವುದಿಲ್ಲ, ಅದರ ಮೇಲಿನದನ್ನು ಎಳೆಯುತ್ತಾನೆ. ಅದೂ ಖಾಲಿ. ಮೂರನೆಯದಕ್ಕೆ ಕೈ ನಿಲುಕುವುದಿಲ್ಲ. ಆಗ ತೆರೆದಿರುವ ಕೆಳಗಿನ ಡ್ರಾಯರಿನ ಅಂಚಿಗೆ ಒಂದು ಕಾಲಿಟ್ಟು, ಮೇಲಿನದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೈಯನ್ನು ಹಿಂದಕ್ಕೆ ಹಾಕುತ್ತಾನೆ. ಇಷ್ಟೂ ನಡೆಯುವುದು ನೀವು ಬೆಲೆಯ ಚೀಟಿ ಓದುವಷ್ಟರಲ್ಲಿ, ಒಂದು ಸದ್ದೂ ಇಲ್ಲದೆ.

ಪ್ರತಿ ಡ್ರಾಯರ್ ತೆರೆದಾಗಲೂ ಕಪಾಟಿನ ಭಾರ ಮುಂದಕ್ಕೆ ಸರಿಯುತ್ತದೆ. ಎರಡು ಮೂರು ತೆರೆದ ಮೇಲೆ ಅದು ಮುಂಗಾಲುಗಳ ಗೆರೆಯ ಹತ್ತಿರ ಬಂದಿರುತ್ತದೆ. ಅಲ್ಲಿ 10–11 ಕಿಲೋ ತೂಕದ ಮಗು ನೇತುಬಿದ್ದರೆ ಕಪಾಟು ಮಗುವಿನ ಮೇಲೆಯೇ ಮಗುಚಬಹುದು. ಎದೆ ಅಥವಾ ಕುತ್ತಿಗೆ ಅಡಿಗೆ ಸಿಕ್ಕಿದರೆ ಮಗುವಿಗೆ ಕೂಗಲೂ ಆಗುವುದಿಲ್ಲ. ಪಕ್ಕದ ಕೋಣೆಯಲ್ಲಿದ್ದವರಿಗೂ ಗೊತ್ತಾಗದೆ ಜೀವ ಹೋದ ಪ್ರಕರಣಗಳಿವೆ. ಅಮೆರಿಕದಲ್ಲಿ ಇಂತಹ ಸಾವುಗಳ ನಂತರ 2016ರ ಜೂನ್‌ನಲ್ಲಿ ಐಕಿಯಾ ತನ್ನ 'ಮಾಲ್ಮ್' ಮೊದಲಾದ ಮಾದರಿಗಳ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ವಾಪಸ್ ಕರೆಸಿಕೊಳ್ಳುವುದಾಗಿ ಪ್ರಕಟಿಸಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು ಪಟ್ಟು ಹಿಡಿದು ಹೋರಾಡಿದ ಮೇಲೆ 2022ರಲ್ಲಿ ಅಲ್ಲಿ ಕಾನೂನೇ ಬಂತು. ಸುಮಾರು 27 ಕಿಲೋವರೆಗಿನ ಮಗುವಿನ ಭಾರ, ನೆಲಹಾಸಿನ ಮೇಲೆ ಇಟ್ಟಾಗ ಆಗುವ ವಾಲಿಕೆ, ಹಲವು ಡ್ರಾಯರ್ ತೆರೆದಿರುವ ಸ್ಥಿತಿ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು ಬಟ್ಟೆ ಕಪಾಟುಗಳನ್ನು ಪರೀಕ್ಷಿಸಬೇಕೆಂದು ಅದು ಹೇಳುತ್ತದೆ.

ಮಳಿಗೆಯ ಮಾದರಿ ಕೋಣೆಯಲ್ಲಿ ಕಪಾಟನ್ನು ಗೋಡೆಗೆ ಬಿಗಿದಿರಬಹುದು. ನಡುದಾರಿಯಲ್ಲಿ ಬಿಡಿಯಾಗಿ ನಿಲ್ಲಿಸಿದ್ದನ್ನು ಬಿಗಿದಿರಲಿಕ್ಕಿಲ್ಲ. ಯಾವುದು ಹೇಗೆ ಎಂದು ಹೊರಗಿನಿಂದ ನಮಗೆ ತಿಳಿಯುವುದಿಲ್ಲ. ಹಾಗಾಗಿ ಡ್ರಾಯರ್ ವಿಭಾಗದಲ್ಲಿ ಮಗ ನೆಲದ ಮೇಲಿರಬಾರದು. ಎತ್ತಿಕೊಳ್ಳಿ, ಇಲ್ಲವೇ ಸ್ಟ್ರಾಲರಿನಲ್ಲಿ ಬೆಲ್ಟ್ ಹಾಕಿ ಕೂರಿಸಿ. ಈ ಒಂದು ನಿಯಮದಲ್ಲಿ ರಿಯಾಯಿತಿ ಬೇಡ.

ವಾರ್ಡ್‌ರೋಬಿನೊಳಗೆ ಅಡಗುವುದು ಈ ವಯಸ್ಸಿನ ಎಲ್ಲ ಮಕ್ಕಳಿಗೂ ಇಷ್ಟ. ಕತ್ತಲೆಯ ಪುಟ್ಟ ಜಾಗ, ತಾನೇ ಎಳೆದುಕೊಂಡ ಬಾಗಿಲು, ಹೊರಗೆ ತನ್ನ ಹೆಸರು ಕೂಗುವ ದನಿ. ಮಗುವಿಗೆ ಅದು ಆಟ, ಹಾಗಾಗಿ ಓಗೊಡುವುದಿಲ್ಲ. ಮಗು ಕಾಣಿಸದಿದ್ದಾಗ ಪೋಷಕರು ಸಹಜವಾಗಿ ದಾರಿಯುದ್ದಕ್ಕೂ ಓಡುತ್ತಾರೆ. ಒಬ್ಬರು ಹೊರಬಾಗಿಲ ಕಡೆ ಹೋಗುವುದು ಸರಿ. ಇನ್ನೊಬ್ಬರು ಕೊನೆಯದಾಗಿ ಕಂಡ ಜಾಗದಲ್ಲೇ ಉಳಿದು ಸುತ್ತಲಿನ ಕಪಾಟುಗಳ ಬಾಗಿಲು, ಮಂಚದ ಅಡಿ, ಮುಚ್ಚಳವಿರುವ ಪೆಟ್ಟಿಗೆ, ಪರದೆಯ ಹಿಂದೆ ನೋಡಬೇಕು. ಸಿಬ್ಬಂದಿಗೆ ಹೇಳಲು ಸಂಕೋಚಪಟ್ಟು ಐದು ನಿಮಿಷ ನೀವೇ ಹುಡುಕಬೇಡಿ. ಮೊದಲ ನಿಮಿಷದಲ್ಲೇ ಹೇಳಿ, ಬಾಗಿಲುಗಳ ಮೇಲೆ ಅವರು ಕಣ್ಣಿಡುತ್ತಾರೆ. ಮನೆಯಿಂದ ಹೊರಡುವಾಗ ಇಬ್ಬರು ಮಕ್ಕಳದೂ ಒಂದು ಪೂರ್ತಿ ಚಿತ್ರ ಮೊಬೈಲಿನಲ್ಲಿ ತೆಗೆದುಕೊಂಡಿರಿ. ಗಾಬರಿಯಲ್ಲಿ ಅಂಗಿಯ ಬಣ್ಣ ಯಾವ ತಾಯಿಗೂ ನೆನಪಾಗುವುದಿಲ್ಲ. ನಿಮ್ಮ ದೂರವಾಣಿ ಸಂಖ್ಯೆ ಬರೆದ ಚೀಟಿ ಮಗುವಿನ ಜೇಬಿನಲ್ಲಿರಲಿ. ಮಗಳಿಗೆ ಮಾತ್ರ ಇಷ್ಟು ಹೇಳಿಕೊಡಬಹುದು: ಅಮ್ಮ ಕಾಣದಿದ್ದರೆ ನಿಂತಲ್ಲೇ ನಿಲ್ಲು, ಜೋರಾಗಿ ಅಮ್ಮನ ಹೆಸರು ಕೂಗು.

ಇನ್ನೂ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಎರಡು ಅಂತಸ್ತಿನ ಮಂಚದ ಮೇಲಂತಸ್ತು 6 ವರ್ಷದೊಳಗಿನವರಿಗೆ ಅಲ್ಲ, ಐದು ನಿಮಿಷದ ಚಿತ್ರಕ್ಕೂ ಹತ್ತಿಸಬೇಡಿ. ಕಾಲು ಚಾಚುವ ಒರಗುಕುರ್ಚಿ ಮತ್ತು ಮಡಚುವ ಸೋಫಾಗಳ ಕೀಲಿನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ, ದೊಡ್ಡವರು ಕೂತು ಪರೀಕ್ಷಿಸುವ ಮುನ್ನ ಮಗು ಎಲ್ಲಿದೆ ಎಂದು ನೋಡಿಕೊಳ್ಳಿ. ಕಿಟಕಿ ಪರದೆಯ ಉದ್ದದ ಹಗ್ಗದ ಕುಣಿಕೆ ಕುತ್ತಿಗೆಗೆ ಸುತ್ತಿಕೊಳ್ಳಬಲ್ಲದು. ಹಗ್ಗವಿಲ್ಲದ ಪರದೆಯನ್ನೇ ಮನೆಗೆ ತನ್ನಿ. ಎಸ್ಕಲೇಟರ್ ಬೇಡ, ಲಿಫ್ಟ್ ಹಿಡಿಯಿರಿ. ಸ್ಟ್ರಾಲರ್ ಅಂತೂ ಎಸ್ಕಲೇಟರ್ ಮೇಲೆ ಹೋಗಲೇಬಾರದು, ಮೆತ್ತನೆಯ ರಬ್ಬರಿನಂತಹ ಪಾದರಕ್ಷೆಯ ತುದಿ ಮೆಟ್ಟಿಲಿನ ಸಂದಿಗೆ ಸಿಕ್ಕಿ ಕಾಲ್ಬೆರಳಿಗೆ ಗಾಯವಾಗುವುದುಂಟು.

ದೀಪಗಳ ವಿಭಾಗದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಬ್ಯಾಟರಿಯ ಮೇಣದ ಬತ್ತಿ, ಪುಟ್ಟ ರಿಮೋಟು, ಅಡುಗೆಮನೆಯ ತಕ್ಕಡಿ ಇವುಗಳಲ್ಲಿ ನಾಣ್ಯದಂತಹ ಬಟನ್ ಬ್ಯಾಟರಿ ಇರುತ್ತದೆ. ನುಂಗಿದಾಗ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಆಳವಾದ ಸುಟ್ಟಗಾಯ ಮಾಡಬಲ್ಲದು. ನುಂಗಿರಬಹುದೆಂಬ ಅನುಮಾನವಿದ್ದರೂ ಸಾಕು, ವಾಂತಿ ಮಾಡಿಸದೆ ನೇರವಾಗಿ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಮಾಡಿಸಿ. ಮಲದಲ್ಲಿ ಬರುತ್ತದೆ ಎಂದು ಮನೆಯಲ್ಲಿ ಕಾಯಬೇಡಿ.

ಮಗಳನ್ನು ಕೈ ಹಿಡಿದು ಎಳೆದುಕೊಂಡು ಬಂದದ್ದಾಗಿ ಬರೆದಿದ್ದೀರಿ. ನಿಮ್ಮನ್ನು ದೂರುತ್ತಿಲ್ಲ, ಆದರೆ ಇದು ತಿಳಿದಿರಲಿ. 1ರಿಂದ 4 ವರ್ಷದ ಮಕ್ಕಳಲ್ಲಿ ಮೊಣಕೈಯ ಎಲುಬನ್ನು ಹಿಡಿದಿಡುವ ಪಟ್ಟಿ ಇನ್ನೂ ಸಡಿಲ. ನೆಲಕ್ಕೆ ಜೋತುಬಿದ್ದ ಮಗುವನ್ನು ಮುಂಗೈ ಹಿಡಿದು ಜಗ್ಗಿದರೆ ಎಲುಬಿನ ತುದಿ ಆ ಪಟ್ಟಿಯಿಂದ ಜಾರುತ್ತದೆ. ಮಗು ಒಮ್ಮೆ ಚೀರಿ ಆಮೇಲೆ ಸುಮ್ಮನಾಗಬಹುದು. ಕೈ ಮಾತ್ರ ಸ್ವಲ್ಪ ಮಡಚಿ ಮೈಗೆ ಅಂಟಿಕೊಂಡಿರುತ್ತದೆ, ಇಷ್ಟದ ಆಟಿಕೆ ಕೊಟ್ಟರೂ ಆ ಕೈ ಚಾಚುವುದಿಲ್ಲ. ಊತ ಇರುವುದಿಲ್ಲ. ವೈದ್ಯರು ಒಂದು ನಿರ್ದಿಷ್ಟ ರೀತಿಯಲ್ಲಿ ಕೈ ತಿರುಗಿಸಿದರೆ ಕ್ಷಣದಲ್ಲಿ ಕೂರುತ್ತದೆ, ಸ್ವಲ್ಪ ಹೊತ್ತಿಗೆ ಮಗು ಅದೇ ಕೈಯಲ್ಲಿ ಆಡುತ್ತದೆ. ಮನೆಯಲ್ಲಿ ತಿರುಗಿಸಿ ನೋಡುವ ಪ್ರಯೋಗ ಬೇಡ, ಎಲುಬು ಮುರಿದಿದ್ದರೆ ಅನಾಹುತ. ರಂಪ ಮಾಡುವ ಮಗುವನ್ನು ಸ್ಥಳದಿಂದ ಒಯ್ಯಲೇಬೇಕಾದರೆ ಕಂಕುಳ ಕೆಳಗೆ ಕೈಯಿಟ್ಟು, ಬೆನ್ನು ನಿಮ್ಮ ಎದೆಗೆ ತಾಗುವಂತೆ ಎತ್ತಿಕೊಳ್ಳಿ. ಒದ್ದರೂ ನಿಮಗೆ ತಗಲುವುದಿಲ್ಲ.

ಸೊಂಟಪಟ್ಟಿಯ ಪ್ರಶ್ನೆಗೂ ಇದರಲ್ಲೇ ಅರ್ಧ ಉತ್ತರವಿದೆ. ಮಣಿಕಟ್ಟಿಗೆ ಕಟ್ಟುವ ದಾರಕ್ಕಿಂತ ಎದೆ ಮತ್ತು ಬೆನ್ನನ್ನು ಸುತ್ತುವ ಪಟ್ಟಿ ಲೇಸು, ಜಗ್ಗಿದಾಗ ಮೊಣಕೈಗೆ ಭಾರ ಬೀಳುವುದಿಲ್ಲ. ಮಗುವನ್ನು ಪ್ರಾಣಿಯಂತೆ ಕಟ್ಟಿದ್ದಾರೆ ಎಂದು ಯಾರಾದರೂ ಅಂದರೆ ಅನ್ನಲಿ. ವಾಹನ ನಿಲ್ದಾಣದಲ್ಲಿ, ಜನಜಂಗುಳಿಯಲ್ಲಿ ಓಡುವ ಒಂದೂವರೆ ವರ್ಷದವನಿಗೆ ಅದು ರಕ್ಷಣೆ. ಆದರೆ ಪಟ್ಟಿ ಹಿಡಿದಿದ್ದೇವೆಂದು ಕಣ್ಣು ಬೇರೆಡೆ ಇಟ್ಟರೆ ಡ್ರಾಯರ್ ಅವನ ಕೈಗೆ ನಿಲುಕುವಷ್ಟು ದೂರದಲ್ಲೇ ಇರುತ್ತದೆ. ಅದನ್ನು ಟ್ರಾಲಿಗೆ ಕಟ್ಟಬೇಡಿ.

ಮತ್ತೆ ಹೋಗುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಅತ್ತೆಯವರು ಹೇಳುವುದರಲ್ಲಿ ಅರ್ಧ ನಿಜವಿದೆ. ಕೊಳ್ಳುವ ಕೆಲಸಕ್ಕೆ ಮಕ್ಕಳು ಬೇಕಿಲ್ಲ. ಆದರೆ ಕರೆದೊಯ್ಯಲೇಬಾರದು ಎಂಬುದನ್ನು ನಾನು ಒಪ್ಪುವುದಿಲ್ಲ. ಹೊಸ ಜಾಗ, ಹೊಸ ಜನ, ತನ್ನ ಮಂಚವನ್ನು ತಾನೇ ಮುಟ್ಟಿ ನೋಡುವ ಖುಷಿ ಮಗಳಿಗೂ ಸಿಗಬೇಕು. ತೊಂದರೆ ಬರುವುದು ಎರಡು ಉದ್ದೇಶಗಳನ್ನು ಒಂದೇ ಮಧ್ಯಾಹ್ನಕ್ಕೆ ತುರುಕಿದಾಗ. ಅಳತೆ, ಬೆಲೆ, ಗುಣಮಟ್ಟ ಹೋಲಿಸಲು ನಿಮ್ಮಲ್ಲಿ ಒಬ್ಬರು ಮಾತ್ರ, ಅಥವಾ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಇಬ್ಬರೂ, ಒಮ್ಮೆ ಹೋಗಿಬನ್ನಿ. ಮನೆಯಲ್ಲೇ ಅಳತೆ ತೆಗೆದು, ಮಳಿಗೆಯ ಜಾಲತಾಣದಲ್ಲಿ ಎರಡು ಮೂರು ಮಾದರಿಗೆ ಇಳಿಸಿಕೊಂಡು ಹೋದರೆ ಇನ್ನೂ ಹಗುರ. ಇದರ ಒಂದೇ ಕೊರತೆ ಎಂದರೆ ಸಮಯ ಎರಡು ಪಟ್ಟು ಬೇಕು, ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕು.

ಆ ಅನುಕೂಲ ಇಲ್ಲದಿದ್ದರೆ ನಾಲ್ವರೂ ಹೋಗಿ, ಆದರೆ ಕೆಲಸ ಹಂಚಿಕೊಳ್ಳಿ. ಇಬ್ಬರೂ ಇಬ್ಬರನ್ನು ನೋಡಿಕೊಳ್ಳುತ್ತಿದ್ದೇವೆ ಎಂದಾಗ ವಾಸ್ತವವಾಗಿ ಯಾರೂ ನೋಡುತ್ತಿರುವುದಿಲ್ಲ. "ಈ ಹತ್ತು ನಿಮಿಷ ಮಗ ನನ್ನ ಪಾಲು" ಎಂದು ಬಾಯಿಬಿಟ್ಟು ಹೇಳಿ ಒಪ್ಪಿಸಿಕೊಳ್ಳಿ. ಹಿಂದಿನ ಸಲ ಮಗ ಕಾಣೆಯಾದದ್ದು ಇದೇ ಸಂದಿಯಲ್ಲಿ: ಮಗಳು ಅತ್ತಾಗ ಇಬ್ಬರೂ ಅವಳ ಕಡೆ ತಿರುಗಿದಿರಿ.

ಕೆಲವು ಮಳಿಗೆಗಳಲ್ಲಿ ಮಕ್ಕಳನ್ನು ಬಿಟ್ಟುಹೋಗುವ ಆಟದ ಕೋಣೆ ಇರುತ್ತದೆ. ನಿಮ್ಮ ಮಗನಿಗೆ ಅದು ಸಿಗುವ ಸಂಭವ ಕಡಿಮೆ. ಸಾಮಾನ್ಯವಾಗಿ ಇಂತಿಷ್ಟು ಎತ್ತರ ಇರಬೇಕು, ಶೌಚ ಹೇಳುವಂತಿರಬೇಕು ಎಂಬ ನಿಯಮ ಇರುತ್ತದೆ. ಮಗಳಿಗೆ ಸಿಗಬಹುದು. ಅಪರಿಚಿತರ ಬಳಿ ಎಂದೂ ಇರದ ಮಗುವನ್ನು ಅಂದೇ ಮೊದಲ ಬಾರಿಗೆ ಬಿಟ್ಟರೆ ನಿಮಗೆ ಸಿಗುವುದು ಹತ್ತು ನಿಮಿಷದ ಶಾಂತಿ, ಅವಳಿಗೆ ಇಡೀ ದಿನದ ಅಂಜಿಕೆ. ಜ್ವರ, ಭೇದಿ, ಕೆಮ್ಮು ಇದ್ದಾಗ ಬಿಡಬೇಡಿ.

ಹೊತ್ತು ಬೆಳಗಿನದಿರಲಿ, ಮಳಿಗೆ ತೆರೆದ ಕೂಡಲೇ, ಜನ ಸೇರುವ ಮುನ್ನ, ನಿದ್ದೆಯಾಗಿ ಹೊಟ್ಟೆ ತುಂಬಿದ ಮೇಲೆ. ಮುಕ್ಕಾಲು ಗಂಟೆಗೆ ಗಡಿಯಾರ ಇಟ್ಟುಕೊಳ್ಳಿ. ಮಗಳ ಮಂಚದ ಕೋಣೆಗೆ ಮೊದಲು ಹೋಗಿ, ಅಲ್ಲಿ ಅವಳಿಗೆ ಸಾಕಾಗುವಷ್ಟು ಕೂರಲು ಬಿಡಿ. ನೀವು ಕೊಳ್ಳುವುದೇ ಅದನ್ನಲ್ಲವೇ? ಹೊರಡುವ ಮುನ್ನ "ಇನ್ನು ಎರಡು ಸಲ ಹೊರಳಿ ಆಮೇಲೆ ಇಳಿಯೋಣ" ಎಂದು ಹೇಳಿ. ಐದು ನಿಮಿಷ ಎಂದರೆ ಏನೆಂದು ಅವಳಿಗೆ ತಿಳಿಯುವುದಿಲ್ಲ, ಎರಡು ಸಲ ಎಂದರೆ ತಿಳಿಯುತ್ತದೆ. ಕೈಗೊಂದು ಕೆಲಸ ಕೊಡಿ, ಅಳತೆ ಪಟ್ಟಿಯ ತುದಿ ಹಿಡಿದುಕೊಂಡ ಮಗು ಬಹಳ ಗಂಭೀರವಾಗಿ ನಡೆದುಕೊಳ್ಳುತ್ತದೆ.

ಇಷ್ಟಾದರೂ ಅತ್ತರೆ? ಅಳಲಿ. ಮಂಡಿಯೂರಿ ಅವಳ ಎತ್ತರಕ್ಕೆ ಇಳಿಯಿರಿ, ಕಡಿಮೆ ಮಾತಾಡಿ. "ಆ ಮಂಚ ನಿನಗೆ ಇಷ್ಟ, ಬಿಟ್ಟು ಬರಲು ಬೇಜಾರು" ಎಂಬಷ್ಟೇ ಸಾಕು. ಅಳುವಿನ ನಡುವೆ ಉಪದೇಶ ಕಿವಿಗೆ ಬೀಳುವುದಿಲ್ಲ. ಬೆದರಿಕೆ, ಪೆಟ್ಟು ಅಳುವನ್ನು ಉದ್ದ ಮಾಡುತ್ತವೆ, ಮತ್ತು ಪೆಟ್ಟು ಯಾವ ಕಾರಣಕ್ಕೂ ಬೇಡ. "ನಿನ್ನನ್ನು ಇಲ್ಲೇ ಬಿಟ್ಟು ಹೋಗುತ್ತೇನೆ" ಎಂಬ ಮಾತನ್ನು ಮಕ್ಕಳು ನಿಜವೆಂದೇ ನಂಬುತ್ತಾರೆ, ಅದನ್ನು ಆಡಬೇಡಿ. ಹೆಚ್ಚಿನ ರಂಪಗಳು ಕೆಲವೇ ನಿಮಿಷಗಳಲ್ಲಿ ಇಳಿಯುತ್ತವೆ. ಇಳಿಯದಿದ್ದರೆ ಹೊರಗೆ ಬನ್ನಿ, ಕಪಾಟು ನಾಳೆಯೂ ಅಲ್ಲೇ ಇರುತ್ತದೆ.

ಹೊರಬಂದಾಗ ಮಗು ಕಾರಿನಲ್ಲಿ ನಿದ್ದೆ ಹೋಗಿದೆ ಎಂದು ಒಬ್ಬರು ಸಾಮಾನು ತರಲು ಮತ್ತೆ ಒಳಗೆ ಹೋಗುವುದುಂಟು. ಆಗ ಇನ್ನೊಬ್ಬರು ಕಾರಿನಲ್ಲೇ ಇರಬೇಕು. ಬಿಸಿಲಿಗೆ ನಿಂತ ಕಾರಿನೊಳಗಿನ ತಾಪ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು, ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ, ಪುಟ್ಟ ಮಗುವಿನ ಮೈ ದೊಡ್ಡವರಿಗಿಂತ 3ರಿಂದ 5 ಪಟ್ಟು ಬೇಗ ಕಾಯುತ್ತದೆ. ಕಪಾಟಿನ ಉದ್ದನೆಯ ಪೆಟ್ಟಿಗೆಯನ್ನು ಹಿಂದಿನ ಸೀಟಿನವರೆಗೆ ಚಾಚಿ ಮಕ್ಕಳ ಪಕ್ಕ ಇಡುವುದೂ ಬೇಡ. ಜೋರಾಗಿ ಬ್ರೇಕ್ ಹಾಕಿದರೆ ಅದೇ ಮುಂದಕ್ಕೆ ನುಗ್ಗುತ್ತದೆ. ಮಕ್ಕಳ ಸೀಟು ಕಳಚಿ ಪೆಟ್ಟಿಗೆಗೆ ಜಾಗ ಮಾಡುವುದಂತೂ ಕೂಡದು. ಮನೆಗೆ ತಲುಪಿಸುವ ಸೇವೆ ಇದ್ದರೆ ಅದನ್ನೇ ಹಿಡಿಯಿರಿ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮಳಿಗೆಯಲ್ಲಿ ಮಗ ಡ್ರಾಯರ್ ಮುಂದೆ ಇರುವುದು ಕೆಲವೇ ನಿಮಿಷ. ಮನೆಯಲ್ಲಿ ಅದು ವರ್ಷಗಟ್ಟಲೆ ಅವನ ಕೋಣೆಯಲ್ಲೇ ಇರುತ್ತದೆ, ನೀವು ಸ್ನಾನಕ್ಕೆ ಹೋದಾಗಲೂ, ನಸುಕಿನಲ್ಲಿ ಅವನೊಬ್ಬನೇ ಎದ್ದಾಗಲೂ. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಗೋಡೆಗೆ ಬಿಗಿಯುವ ಪಟ್ಟಿ ಇದರ ಜೊತೆ ಬರುತ್ತದೆಯೇ, ಒಂದು ಡ್ರಾಯರ್ ತೆರೆದಿರುವಾಗ ಇನ್ನೊಂದು ತೆರೆಯದಂತೆ ತಡೆಯಿದೆಯೇ? ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ ಒಂದು ಬಗೆಯ ಸ್ಕ್ರೂ, ಟೊಳ್ಳು ಹಲಗೆಯ ಗೋಡೆಗೆ ಇನ್ನೊಂದು. ನಿಮ್ಮ ಗೋಡೆ ಯಾವುದೆಂದು ಹೇಳಿ ಸರಿಯಾದದ್ದನ್ನೇ ಕೇಳಿ ತನ್ನಿ. ಜೋಡಿಸಿದ ದಿನವೇ, ಒಳಗೆ ಒಂದು ಬಟ್ಟೆಯನ್ನೂ ಇಡುವ ಮುನ್ನ, ಬಿಗಿಯಿರಿ. "ನಾಳೆ ಮಾಡೋಣ" ಎಂದು ಬಿಟ್ಟ ಪಟ್ಟಿ ತಿಂಗಳುಗಟ್ಟಲೆ ಡ್ರಾಯರಿನೊಳಗೇ ಉಳಿಯುತ್ತದೆ. ಭಾರದ ಬಟ್ಟೆ ಕೆಳಗಿರಲಿ, ಮೇಲೆ ದೂರದರ್ಶನ ಪೆಟ್ಟಿಗೆಯನ್ನಾಗಲೀ ಮಗು ಇಷ್ಟಪಡುವ ಬೊಂಬೆಯನ್ನಾಗಲೀ ಇಡಬೇಡಿ. ಅದನ್ನು ತೆಗೆದುಕೊಳ್ಳಲೆಂದೇ ಹತ್ತುತ್ತಾನೆ. ಬಿಗಿದ ಮೇಲೆ ಮಕ್ಕಳನ್ನು ಹೊರಗಿರಿಸಿ, ಎಲ್ಲ ಡ್ರಾಯರ್ ತೆರೆದು, ನೀವೇ ಮೇಲಿನದನ್ನು ಹಿಡಿದು ಮುಂದಕ್ಕೆ ಎಳೆದು ನೋಡಿ. ಕಪಾಟು ಒಂದಿಷ್ಟೂ ಅಲುಗದಿದ್ದರೆ ಮಗನನ್ನು ಕೋಣೆಯೊಳಗೆ ಬಿಡಿ.